ದರ್ಜಿಯ ಮನೆಯ ಮಷಿನ್‌ಗನ್

ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದಾಗ, ಹೊಸ ವಿದ್ಯಾರ್ಥಿಗಳಿಗೆ ಪುಸ್ತಕ ಹುಡುಕುವುದನ್ನೂ, ಸಿಕ್ಕ ಪುಸ್ತಕವನ್ನು ಕಣ್ಣುಮುಚ್ಚಿ ನಂಬದಿರುವುದನ್ನೂ ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ಬರೆದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಕೇಳಿ ಎನ್ನುತ್ತಿದ್ದೆ. ಅವರು ಆಕಳಿಸುತ್ತಿದ್ದರು. ಆ ವಿದ್ಯೆಯಲ್ಲಿ ಮಾತ್ರ ಬಹಳ ಮುಂದಿದ್ದರು.

೧೯೪೮ರಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ತರಗತಿಗಳು ನಿಂತು ನಾನು ಭಾಲ್ಕಿಗೆ ಮರಳಿದೆ. ನನ್ನ ಜೊತೆ ಹೊರಟಿದ್ದ ಔರಾದಿನ ಒಬ್ಬ ವಿದ್ಯಾರ್ಥಿ, ಮುಂದಿನ ದಾರಿ ಮುಚ್ಚಿದ್ದರಿಂದ, ನಮ್ಮ ಮನೆಯಲ್ಲೇ ಉಳಿದ. ಹೈದರಾಬಾದ್ ರೇಡಿಯೋ ತಾನೇ ಗೆದ್ದೆ ಎನ್ನುತ್ತಿತ್ತು, ದಿಲ್ಲಿ ರೇಡಿಯೋ ತಾನು ಎನ್ನುತ್ತಿತ್ತು. ಎರಡನ್ನೂ ಕೇಳಿದವನಿಗೆ ತಾನು ಯಾವ ದೇಶದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೇನೆಂದೇ ತಿಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಆ ವಿದ್ಯಾರ್ಥಿ ಓಡಿಬಂದ. "ಸರ್, ದರ್ಜಿ ಚಾಚಾನ ಮನ್ಯಾಗ ಮಷಿನ್‌ಗನ್ ಅದಂತ್ರಿ! ಮಂದಿ ಕೋಲು ಬಡಿಗಿ ಹಿಡಕೊಂಡು ಹೊಂಟಾರ."

"ಯಾರು ನೋಡ್ಯಾರ?"

"ಎಲ್ಲಾರೂ ಹೇಳ್ಲಿಕತ್ತಾರ್ರಿ."

"ಎಲ್ಲಾರು ಅಂಬೋ ಮನುಷ್ಯ ಯಾವ ಓಣ್ಯಾಗ ಇರ್ತಾನಪ್ಪ? ನಡಿ, ಕೇಳೋಣು."

ಕಿರಾಣಿ ಅಂಗಡಿಯವನನ್ನು ಹಿಡಿದೆವು. ಸುದ್ದಿಗೆ ಒಂದು ಗುಂಡುಗಳ ಪೆಟ್ಟಿಗೆಯನ್ನೂ ಸೇರಿಸಿದವನು ಅವನೇ. ಗನ್ನಿನ ಸುದ್ದಿ ಮಾತ್ರ ಕುರಿಯವನದಂತೆ. ಕುರಿಯವನು ತಲೆ ಕೆರೆದುಕೊಂಡ. "ಆಯಿ ಮಷಿನ್ ಅಂದಳ್ರಿ. ಗನ್ ಇಲ್ಲದ ಎಂಥಾ ಮಷಿನ್ ಅಂತ ನಾನೇ ಹಚ್ಚಿದೆ."

ಆಯಿ, ಅಂದರೆ ದರ್ಜಿಯ ಪಕ್ಕದ ಮನೆಯ ಮುದುಕಿ, ನಮ್ಮನ್ನು ಕಂಡದ್ದೇ ಸಿಡಿದಳು. "ಹೌದು, ಬೀದರದಿಂದ ಹೊಲಿಯೂ ಮಷಿನ್ ತಂದಾನ. ದಿನಾ ಪೂರಾ ಟಕಟಕ! ಅದನ್ನ ಬಂದ್ ಮಾಡಸ್ರಿ ಮೊದಲು."

ಅವಳನ್ನೇ ಮುಂದಿಟ್ಟುಕೊಂಡು ಹೋದೆವು. ದರ್ಜಿಯ ಬಾಗಿಲಿಗೆ ಜನ ಸೇರಿದ್ದರು. ವಿದ್ಯಾರ್ಥಿ ತನ್ನ ಹರಿದ ಅಂಗಿ ಬಿಚ್ಚಿ ಒಳಗೆ ಹೋಗಿ, "ಚಾಚಾ, ಇದನ್ನ ಹೊಲೀರಿ" ಎಂದ. ಟಕಟಕ ಶುರುವಾಯಿತು. ಹೊರಗೆ ಯಾರೋ ನಕ್ಕರು. ಆಮೇಲೆ ಬಡಿಗೆಗಳೆಲ್ಲ ನಾಚಿಕೊಂಡು ಮನೆಗೆ ಹೋದವು.

ಬೇರೆ ಎಷ್ಟೋ ಊರುಗಳಲ್ಲಿ ಹೀಗೆ ಯಾರೂ ಕೇಳಲಿಲ್ಲ. ಅಲ್ಲಿ ಚಾಚಾನಂಥ ಮುಸಲ್ಮಾನರಿಗೆ ಆದದ್ದನ್ನು ನೆನೆದರೆ ನಗು ಬರುವುದಿಲ್ಲ.

ಅಂದೇ ಸಂಜೆ ನನ್ನ ಅವ್ವ, ಮತ್ತೆ ಇಂಥ ಸುದ್ದಿ ಹುಟ್ಟೀತೆಂದು, ದರ್ಜಿಯ ಮನೆಯವರನ್ನೆಲ್ಲ ನಮ್ಮಲ್ಲೇ ಉಳಿಯಲು ಕರೆತಂದಳು. ಚಾಚಾ ಹೊಸ್ತಿಲಲ್ಲಿ ಹಿಂಜರಿದು ನಿಂತಾಗ ಗದರಿದಳು: "ಬರಿಗೈಲೆ ಬಂದೀರೇನ್ರಿ? ಹೋಗಿ ಆ ಮಷಿನ್ ತಗೊಂಡು ಬರ್ರಿ. ನನ್ನ ಕುಪ್ಪಸ ಅರ್ಧಕ್ಕ ನಿಂತದ."