ತಿಕೋಟಾದಲ್ಲಿ ಬಿಟ್ಟು ಬಂದ ಗೆಳತಿ

ವಿಜಯಪುರದ ಹೊಸ ಶಾಲೆಗೆ ಆರನೇ ತರಗತಿಗೆ ಸೇರಿ ಮೂರು ತಿಂಗಳಾಗಿದ್ದರೂ ಮಗಳ ಬಾಯಲ್ಲಿ ಒಬ್ಬ ಹುಡುಗಿಯ ಹೆಸರೂ ಬಂದಿರಲಿಲ್ಲ. ಶಾಲೆ ಹೇಗಿದೆ ಎಂದರೆ "ಚಲೋ ಐತಿ" ಎನ್ನುತ್ತಿದ್ದಳು. ಯಾರ ಜೊತೆ ಊಟ ಮಾಡಿದಿ ಎಂದು ಕೇಳಿದರೆ "ಕ್ಲಾಸಿನ್ಯಾಗ" ಎನ್ನುತ್ತಿದ್ದಳು. ನಾನು ಕೇಳಿದ್ದು ಅದಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಒಂದು ಸಂಜೆ ರೊಟ್ಟಿ ಬಡಿಯುತ್ತ ನೇರವಾಗಿ ಕೇಳಿದೆ. "ಒಬ್ಬಾಕಿ ಗೆಳತಿನೂ ಇಲ್ಲೇನು ನಿನಗ?"

ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಯಾಕ ಮಾಡ್ಕೋಬೇಕವ್ವಾ? ಹೆಂಗೂ ಮತ್ತ ಹೋಗೂದ ಐತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಹೇಳುವವರ ಹಾಗಿತ್ತು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ನಾನು ಇನ್ನೊಂದು ರೊಟ್ಟಿ ಬಡಿಯತೊಡಗಿದೆ.

ನಾನು ಸರಕಾರಿ ಹೈಸ್ಕೂಲಿನಲ್ಲಿ ಟೀಚರು. ಗಂಡ ಸೊಲ್ಲಾಪುರದಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಹೀಗಾಗಿ ನನಗೆ ಎಲ್ಲಿ ಕೆಲಸವೋ ಮಗಳಿಗೆ ಅಲ್ಲೇ ಶಾಲೆ. ಬಬಲೇಶ್ವರದಿಂದ ತಿಕೋಟಾಕ್ಕೆ ಹೋದದ್ದು ಇಲಾಖೆಯವರು ಕಳಿಸಿದ್ದಕ್ಕೆ. ಆದರೆ ತಿಕೋಟಾದಿಂದ ವಿಜಯಪುರಕ್ಕೆ ಬಂದದ್ದು ನಾನೇ ಅರ್ಜಿ ಹಾಕಿ, ಕೇಳಿಕೊಂಡು. ಜಲನಗರದಲ್ಲಿ ಬಾಡಿಗೆ ಮನೆ, ಹತ್ತಿರದಲ್ಲೇ ಒಳ್ಳೆಯ ಶಾಲೆ. ಮಗಳ ಸಲುವಾಗಿ ಎಂದು ಎಲ್ಲರಿಗೂ ಹೇಳಿದೆ. ಅವಳೊಬ್ಬಳನ್ನು ಮಾತ್ರ ಕೇಳಿರಲಿಲ್ಲ.

ಆ ಸಂಜೆಯ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಏನಾದರೂ ಮಾಡಲೇಬೇಕು ಎಂಬ ಅವಸರದಲ್ಲಿ ಇನ್ನೊಂದು ಕೆಡಿಸಿದೆ. ಮಗಳ ತರಗತಿಯ ಹುಡುಗಿಯೊಬ್ಬಳು ನಮ್ಮ ಹಿಂದಿನ ಓಣಿಯಲ್ಲಿದ್ದಳು. ಅವಳ ತಾಯಿ ಕಾಯಿಪಲ್ಲೆ ಗಾಡಿಯ ಹತ್ತಿರ ಸಿಕ್ಕಾಗ ಹೇಳಿದೆ: "ನಮ್ಮಾಕಿ ಒಬ್ಬಾಕಿನ ಆಗ್ಯಾಳ್ರಿ. ಸ್ವಲ್ಪ ಜೋಡಿ ಕರ್ಕೋ ಅಂತ ನಿಮ್ಮ ಹುಡುಗಿಗೆ ಹೇಳ್ತೀರೇನ್ರಿ?"

"ಅಯ್ಯ, ಅದಕ್ಕೇನ್ರಿ ಟೀಚರ, ಹೇಳ್ತೇನಿ."

ಅವರು ಹೇಳಿದರು. ಆ ವಾರವೇ ಮಗಳು ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ನನ್ನ ಗೆಳತಿ ಮಾಡ್ಕೋರಿ ಅಂತ ನೀ ಬೇಡಿಕೊಂಡೀಯಂತ? ಇಡೀ ಕ್ಲಾಸಿಗೆ ಗೊತ್ತಾಗೇತಿ."

"ನಿನ್ನ ಒಳ್ಳೇದಕ್ಕ..."

"ನೀ ಯಾವಾಗ್ಲೂ ಒಳ್ಳೇದಕ್ಕ ಮಾಡ್ತಿ!"

ಆಗ ಅತ್ತಳು. ನಾನು ಹತ್ತಿರ ಹೋದರೆ ಸರಿದು ಗೋಡೆಗೆ ಆತುಕೊಂಡಳು. ಅಳುವಿನ ನಡುವೆ ತಿಕೋಟಾದ ಗೆಳತಿಯ ಹೆಸರು ಬಂತು. ಅಲ್ಲಿ ನಮ್ಮ ಮನೆಯ ಎದುರೇ ಇದ್ದ ರೈತರ ಮಗಳು ಅವಳು. ಮೂರು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು.

"ನಾಳೆ ತಿಕೋಟಾಕ್ಕ ಹೋಗೂಣೇನು?" ಎಂದೆ.

"ಬ್ಯಾಡ. ಅಕಿ ನನ್ನ ಜೋಡಿ ಮಾತಾಡಂಗಿಲ್ಲ."

ಯಾಕೆ ಎಂದು ಕೇಳುವ ಮೊದಲೇ ನನಗೆ ನೆನಪಾಯಿತು. ನಾವು ಮನೆ ಖಾಲಿ ಮಾಡಿದ್ದು ಬೇಸಿಗೆ ಸೂಟಿಯಲ್ಲಿ. ಆ ಹುಡುಗಿ ಕಾಖಂಡಕಿಗೆ, ತನ್ನ ತಾಯಿಯ ತವರಿಗೆ ಹೋಗಿದ್ದಳು. ಒಮ್ಮೆ ಕಾಖಂಡಕಿಗೆ ಹೋಗಿ ಹೇಳಿ ಬರೋಣ ಎಂದು ಮಗಳು ದುಂಬಾಲು ಬಿದ್ದಿದ್ದಳು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಆಮೇಲೆ ಫೋನ್ ಮಾಡಿದರಾಯಿತು ಎಂದಿದ್ದೆ. ಆ ಫೋನು ಮಾಡಲೇ ಇಲ್ಲ. ಸೂಟಿ ಮುಗಿಸಿ ಬಂದ ಹುಡುಗಿ ನೋಡಿದ್ದು ನಮ್ಮ ಮನೆಯ ಬೀಗವನ್ನು.

ಭಾನುವಾರ ಹೇಗೋ ಒಪ್ಪಿಸಿ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ. ಅರ್ಧ ತಾಸಿನ ದಾರಿ. ಇಷ್ಟು ಹತ್ತಿರದ ಊರನ್ನು ಅವಳಿಗೆ ಅಷ್ಟು ದೂರ ಮಾಡಿದ್ದೆ. ಗೆಳತಿ ಅಂಗಳದಲ್ಲಿ ತನ್ನ ಆಯಿಯ, ಅಪ್ಪನ ತಾಯಿಯ, ಜೊತೆ ಕೂತು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು.

"ಯಾರ ಬಂದಾರ ನೋಡ ಬೇ," ಎಂದರು ಆಯಿ.

"ನೋಡೇನಿ," ಎಂದಳು ಹುಡುಗಿ. ಕೈ ನಿಲ್ಲಿಸಲಿಲ್ಲ. ನನ್ನ ಮಗಳು ನನ್ನ ಬೆನ್ನ ಹಿಂದೆಯೇ ಉಳಿದಳು.

ನಾನೇ ಆ ಹುಡುಗಿಯ ಎದುರು ಕೂತು ಹೇಳಿದೆ. "ಆಕಿದೇನೂ ತಪ್ಪಿಲ್ಲವಾ. ಕಾಖಂಡಕಿಗೆ ಬಂದು ಹೇಳ್ತೇನಿ ಅಂದಿದ್ಲು. ನಾನ ಕಳಸಲಿಲ್ಲ. ಫೋನೂ ಮಾಡ್ಸಲಿಲ್ಲ."

ಹುಡುಗಿ ಮೊದಲ ಬಾರಿ ತಲೆ ಎತ್ತಿ ಮಗಳನ್ನು ನೋಡಿದಳು. "ಖರೇನ?"

ಮಗಳು ತಲೆಯಾಡಿಸಿದಳು.

ಆಮೇಲೆ ಆ ಹುಡುಗಿ ನನ್ನ ಕಡೆ ತಿರುಗಿದಳು. "ಹಂಗಾರ ನಾ ನಿಮ್ಮ ಜೋಡಿ ಮಾತ ಬಿಟ್ಟೇನ್ರಿ, ಅಕ್ಕೋರ."

"ಏ, ದೊಡ್ಡೋರಿಗೆ ಹಂಗಂತಾರೇನ?" ಎಂದು ಆಯಿ ಗದರಿದರು. ನನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಹೋಗಿ ಗೆಳತಿಯ ಪಕ್ಕ ಕೂತು ತಾನೂ ಕಡ್ಡಿ ಬಿಡಿಸತೊಡಗಿದಳು. ನನ್ನನ್ನು ಇಬ್ಬರೂ ಮರೆತರು. ಆಯಿ ಕೊಟ್ಟ ಚಹಾ ಹಿಡಿದುಕೊಂಡು ನಾನು ಕಟ್ಟೆಯ ಮೇಲೆ ಕೂತೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ತಿಕೋಟಾಕ್ಕೆ ಹೋಗುವುದು ರೂಢಿಯಾಯಿತು. ಬಿಟ್ಟು ಬರುವುದು, ಸಂಜೆ ಕರೆತರುವುದು, ಏನು ಮಾತಾಡಿದಿರಿ ಎಂದು ಕೇಳದಿರುವುದು ಇಷ್ಟೇ ನನ್ನ ಕೆಲಸ. ಕೊನೆಯದೇ ಬಹಳ ಕಷ್ಟದ್ದು. ಒಮ್ಮೆ ಇಬ್ಬರೂ ಜಗಳಾಡಿ ತಿಂಗಳುಗಟ್ಟಲೆ ಮಾತು ಬಿಟ್ಟಾಗ ಆಯಿಗೆ ಫೋನ್ ಮಾಡಲು ನನ್ನ ಕೈ ತುರಿಸುತ್ತಿತ್ತು. ಮಾಡಲಿಲ್ಲ. ಜಗಳದ ಕಾರಣ ಇಂದಿಗೂ ನನಗೆ ಗೊತ್ತಿಲ್ಲ, ತಾವೇ ಕೂಡಿದರು. ಆ ಹುಡುಗಿ ನಮ್ಮ ಮನೆಗೂ ಬರತೊಡಗಿದಳು. ನನಗೆ ಹೇಳಬೇಕಾದ್ದನ್ನು ಬಹಳ ದಿನ ಮಗಳ ಮೂಲಕವೇ ಹೇಳಿದಳು. "ನಿಮ್ಮವ್ವಗ ಹೇಳು, ಉಪ್ಪಿಟ್ಟಿಗೆ ಉಪ್ಪ ಕಡಿಮಿ ಆಗೇತಿ."

ಮಗಳೀಗ ಎಂಟನೇ ತರಗತಿ. ಶಾಲೆಯಲ್ಲೂ ಒಬ್ಬಳು ಗೆಳತಿಯಾದಳು, ನನ್ನ ಸಹಾಯವಿಲ್ಲದೆ. ಈ ವರ್ಷ ಆ ಶಾಲೆಯ ಗೆಳತಿಯ ತಂದೆಗೆ ಕಾರವಾರಕ್ಕೆ ವರ್ಗವಾಯಿತು.

"ಗಾಡಿ ತಗಿಯವ್ವಾ, ಅಕಿ ಹೋಗೂಕಿಂತ ಮೊದಲ ಭೆಟ್ಟಿ ಆಗಬೇಕು," ಎಂದಳು ಮಗಳು.

ನಾನು ಅವರ ಗೇಟಿನ ಹೊರಗೆ ನಿಂತಿದ್ದೆ. ಮಗಳು ಹೊಸ ವಿಳಾಸ ಕೇಳಿಕೊಂಡಳು, ತಂದೆಯ ನಂಬರು ಹತ್ತದಿದ್ದರೆ ಇರಲಿ ಎಂದು ತಾಯಿಯ ನಂಬರನ್ನೂ ಕೇಳಿದಳು, ಮೊದಲ ಫೋನು ಯಾರು ಮಾಡಬೇಕು ಎಂದು ಮಾತಾಡಿಕೊಂಡಳು. ಆ ಹುಡುಗಿ ಅಳುತ್ತಿದ್ದಳು. ನನ್ನವಳು ಅವಳ ಬೆನ್ನು ಸವರುತ್ತಿದ್ದಳು. ಹದಿಮೂರರ ಹುಡುಗಿಗೆ ಬೀಳ್ಕೊಡುವ ಈ ಕೆಲಸ ಇಷ್ಟು ಚೆನ್ನಾಗಿ ಬರಬಾರದಿತ್ತು.

ವಾಪಸು ಬರುವಾಗ ಹಿಂದಿನಿಂದ ಕೇಳಿದಳು. "ನಿನ್ನ ವರ್ಗದ ಆರ್ಡರ್ ಯಾವಾಗ ಬರ್ತೈತಿ?"

"ಈ ಸಲ ನಾ ಎಲ್ಲಿಗೂ ಕೇಳಿಲ್ಲ."

ನಂಬಿದಳೋ ಇಲ್ಲವೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಎದುರಿಗೆ ಆಟೋಗಳ ಸಾಲಿತ್ತು. ಹಾರ್ನ್ ಹಾಕುತ್ತ ಗಾಡಿ ನಡೆಸಿದೆ.