ಬೇಡವೆಂದು ಬಿಟ್ಟ ತಗಡಿನ ಗೂಡು

ಆ ಯಂತ್ರಕ್ಕೆ ನಾನು ಕೊಟ್ಟದ್ದು ಒಂಬತ್ತು ಸಾವಿರ. ಮಾರುವವನು ಕೇಳಿದ್ದು ಹತ್ತೂವರೆ. ಮಿಕ್ಕದ್ದು ನನ್ನ ಮಾತಿನ ಚಳಕಕ್ಕೆ ಇಳಿಯಿತೆಂದು ಆಗ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವೆಂದರೆ, ಅಚ್ಚಿನ ಸುತ್ತ ಕೂರುವ ತಗಡಿನ ಗೂಡು ನನಗೆ ಬೇಡವೆಂದಿದ್ದೆ, ಅದಕ್ಕೇ ಇಳಿದದ್ದು.

ಎಂಬತ್ತನೇ ಇಸವಿಯ ಆಚೀಚೆಯ ಮಾತು. ಪ್ಲಾಸ್ಟಿಕ್ ಹಾಳೆ ಬೆಸೆದು ಪಾಸ್‌ಬುಕ್ಕಿಗೆ, ರೇಷನ್ ಕಾರ್ಡಿಗೆ ಕವರು ಮಾಡುವ ಒಂದೇ ಕೊಠಡಿಯ ಕಾರ್ಖಾನೆ ಮಧುಗಿರಿಯಲ್ಲಿ ನನ್ನದಿತ್ತು. ಶಿರಾ, ಕೊರಟಗೆರೆ, ಪಾವಗಡದ ಅಂಗಡಿಗಳಿಗೆ ನಾನೇ ಬಸ್ಸಿನಲ್ಲಿ ಮಾಲು ಹೊತ್ತು ಹಾಕುತ್ತಿದ್ದೆ. ಈ ಯಂತ್ರದಲ್ಲಿ ಬೆಂಕಿಯಿಲ್ಲ, ಕಾದ ಕಬ್ಬಿಣವಿಲ್ಲ. ರೇಡಿಯೋಗೆ ಬರುವಂಥದೇ ಅಲೆ ಹಾಳೆಯನ್ನು ಒಳಗಿನಿಂದ ಬಿಸಿ ಮಾಡಿ ಅಂಟಿಸುತ್ತದೆ. ಆ ಅಲೆ ಆಚೆ ಸೋರದಂತೆ ತಡೆಯುವುದೇ ತಗಡಿನ ಗೂಡಿನ ಕೆಲಸ.

ಅದನ್ನು ಕೂರಿಸಲು ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ಕು ಗೂಡಿಲ್ಲದ್ದು ಕಂಡು, ಯಂತ್ರ ಚಾಲೂ ಮಾಡಿ, ಮೂಲೆಯಲ್ಲಿದ್ದ ಟ್ಯೂಬ್‌ಲೈಟೊಂದನ್ನು ಅಚ್ಚಿನ ಹತ್ತಿರ ಹಿಡಿದ. ತಂತಿಯಿಲ್ಲದೆ ಅದು ಬೆಳಗಿತು.

"ನೋಡಿ, ಇಷ್ಟು ಆಚೆ ಬರ್ತಿದೆ. ಮೈಗೆ ಎಷ್ಟು ತಾಗಬಹುದು ಅಂತ ಒಂದು ಮಿತಿ ಇದೆ. ಇದು ಅದನ್ನ ದಾಟುತ್ತೆ."

"ಒಳ್ಳೇದೇ ಆಯ್ತು ಬುಡಪ್ಪ, ಲೈಟಿನ ಕರೆಂಟು ಉಳೀತು," ಎಂದೆ. ಆಮೇಲೆ ಕೇಳಿದೆ: "ದಾಟಿದ ಕೂಡ್ಲೇ ಸುಡ್ತದಾ?"

"ಕೂಡ್ಲೇ ಇಲ್ಲ. ಕೆಡುಕಾಗೋ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಮಿತಿ ಹಾಕಿರ್ತಾರೆ."

"ಅಂಗಂದ್ರೆ ನಡುವೆ ಜಾಗ ಐತೆ ಅನ್ನು."

ಸಂತೆಯಲ್ಲಿ ಬೆಳೆದವನು ನಾನು. ಇಳಿಸಲು ಜಾಗವಿಟ್ಟೇ ಬೆಲೆ ಹೇಳುತ್ತಾರೆಂದು ಗೊತ್ತು. ಮಿತಿಯೂ ಹಾಗೇ ಎಂದುಕೊಂಡೆ. ಗೂಡಿದ್ದರೆ ಪ್ರತಿ ಕವರಿಗೂ ಅದರ ಬಾಗಿಲು ಎತ್ತಿ ಇಳಿಸಬೇಕು, ಕೆಲಸ ನಿಧಾನ ಎಂಬ ಯೋಚನೆ ಬೇರೆ.

ಯಂತ್ರದ ಮುಂದೆ ಕೂತದ್ದು ಬರಗೂರಿನ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ, ಕುರಿ ಸಾಕುವ ಮನೆಯ ಹೆಂಗಸು. ಊಟದ ಬಿಡುವಿನಲ್ಲಿ ಮಡಿಲಿಂದ ಉಣ್ಣೆ ತೆಗೆದು ಕಂಬಳಿಗೆ ನೂಲುತ್ತಿದ್ದಳು. ಕಣ್ಣು ನಮ್ಮ ಮೇಲೆ, ಎಳೆ ಬೆರಳಲ್ಲಿ, ಎಲ್ಲೂ ದಪ್ಪವಾಗುತ್ತಿರಲಿಲ್ಲ.

"ನಿಮ್ಮ ಮಿಷಿನ್ನು ಒಲೆಗಿಂತ ಮೇಲು ಕಣಣ್ಣ, ಬೆರಳೊಳಗೇ ಬೆಚ್ಚಗಾಯ್ತದೆ," ಎಂದಳು ಒಂದು ಚಳಿಗಾಲ.

"ಹಂಗಾರೆ ಸೌದೆ ಕಾಸು ಸಂಬಳದಲ್ಲಿ ಹಿಡ್ಕತೀನಿ."

"ಹಿಡ್ಕಳಿ. ಹಿಡಿಯಾದ್ರಲ್ಲಿ ನಿಮ್ಮನ್ನ ಮೀರ್ಸೋರು ಯಾರವ್ರೆ?"

ಎರಡನೆಯ ವರ್ಷ ಅವಳು ನೂಲುವುದನ್ನು ಬಿಟ್ಟಳು. ಯಾಕೆಂದು ಕೇಳಿದೆ.

"ಎಳೆ ಗೊತ್ತಾಗಕಿಲ್ಲ ಕಣಣ್ಣ. ಬೆರಳು ಬ್ಯಾರೇರದ್ದು ಇದ್ದಂಗೈತೆ."

ಕೈ ತಿರುಗಿಸಿ ನೋಡಿದೆ. ಗುಳ್ಳೆಯಿಲ್ಲ, ಕಲೆಯಿಲ್ಲ. "ಏನೂ ಆಗಿಲ್ಲ, ಎಣ್ಣೆ ಹಚ್ಕಳಮ್ಮ," ಎಂದು ಮತ್ತೆ ನಾಲ್ಕು ತಿಂಗಳು ಅಲ್ಲೇ ಕೂರಿಸಿದೆ. ಆ ನಾಲ್ಕು ತಿಂಗಳೇ ನನ್ನನ್ನು ಕೊರೆಯುವುದು. ಗೂಡು ಬೇಡವೆಂದಾಗ ಅವಳ ಬೆರಳು ನನ್ನ ಎದುರಿಗಿರಲಿಲ್ಲ. ಈ ಸಲ ನನ್ನ ಕೈಯಲ್ಲೇ ಇತ್ತು.

ಕಾದ ಪಾತ್ರೆ ಹಿಡಿದು ಸುಟ್ಟುಕೊಂಡರೂ ತಿಳಿಯಲಿಲ್ಲವೆಂದು ಅವಳು ಹೇಳಿದ ಮೇಲೆ ತುಮಕೂರಿಗೆ ಕರೆದೊಯ್ದೆ. ನರ ಸೊರಗಿದೆ, ಆ ಯಂತ್ರದ ಹತ್ತಿರ ಬಿಡಬೇಡಿ ಎಂದರು ಡಾಕ್ಟರು. ಗೂಡು ತರಿಸಿದೆ, ಅವಳನ್ನು ಕವರು ಕಟ್ಟುವ ಕೆಲಸಕ್ಕೆ ಹಾಕಿದೆ. ನೂಲು ಮಾತ್ರ ಅವಳ ಕೈಗೆ ತಿರುಗಿ ಬರಲಿಲ್ಲ. ಉಣ್ಣೆಯನ್ನೆಲ್ಲ ನಾದಿನಿಗೆ ಕೊಟ್ಟಳಂತೆ.

ನೀವೂ ಯಂತ್ರ ಕೊಳ್ಳುವವರಾದರೆ ಬೆಲೆಯಲ್ಲಿ ಚೌಕಾಸಿ ಮಾಡಿ, ಲಾರಿಯವನ ಹತ್ತಿರ ಮಾಡಿ, ಕಟ್ಟಡದ ಬಾಡಿಗೆಗೂ ಮಾಡಿ. ಮಿತಿಯಲ್ಲಿ ಮಾಡಬೇಡಿ. ಅಲ್ಲಿ ಬಿಟ್ಟಿರುವ ಜಾಗ ದಿನವಿಡೀ ಯಂತ್ರದ ಎದುರಿಗೆ ಕೂರುವವರದು. ಕೆಲಸದವರು ಒಳಗೆ ಬೆಚ್ಚಗಾಗುತ್ತದೆ ಎಂದರೆ ಚರ್ಮ ನೋಡಿ ತೀರ್ಮಾನಿಸಲು ಹೋಗಬೇಡಿ. ಮೊದಲು ಸ್ವಿಚ್ಚು ಆರಿಸಿ, ಮಿಕ್ಕದ್ದು ಆಮೇಲೆ ವಿಚಾರಿಸಿ.