ಚಿಕ್ಕಪ್ಪನ ರೈಫಲ್ಲಿನ ನಂಬರ್

ಗೆಳೆಯರೇ, ಇವತ್ತು ಅಮೆರಿಕದ ಪಸಡೀನಾದ ಬಂದೂಕು ರಿಪೇರಿ ಅಂಗಡಿಯಲ್ಲಿ ನನ್ನ ಬೆವರಿಳಿಯಿತು. ತೀರಿಕೊಂಡ ಚಿಕ್ಕಪ್ಪ ನನಗೆ ಬಿಟ್ಟುಹೋದ ಹಳೆಯ ಬೇಟೆ ರೈಫಲ್ ಯಾವ ಕಂಪನಿಯದೆಂದು ತಿಳಿದು, ರಿಪೇರಿ ಮಾಡಿಸಿ, ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಚಿಕ್ಕಮ್ಮನ ಜೊತೆ ಹೋಗಿದ್ದೆ.

ಅಂಗಡಿಯ ಮುದುಕ ಕನ್ನಡಕ ಏರಿಸಿ ನೋಡಿದ. “ಕಂಪನಿ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ಎಲ್ಲ ಕೆಂಪು ತುಕ್ಕು. ಯಾರಾದರೂ ನಂಬರ್ ಅಳಿಸಿದ್ದರೆ ಪೊಲೀಸರಿಗೆ ಹೇಳಬೇಕಾಗುತ್ತದೆ,” ಎಂದ.

ಚಿಕ್ಕಮ್ಮ ನನ್ನ ಕಡೆ ತಿರುಗಿ, “ತುಕ್ಕಲ್ಲಪಾ, ಅದು ಕುಂಕುಮ. ಪ್ರತಿ ವರ್ಷಾ ಆಯುಧ ಪೂಜಿಗೆ ಎಣ್ಣ್ಯಾಗ ಕಲಸಿ ನಾನ ಹಚ್ಚೀನಿ,” ಎಂದರು.

ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಐದು ನಿಮಿಷ ಹಿಡಿಯಿತು. ಮುದುಕ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತ ಹೋದ. ಮೊದಲು ಕಂಪನಿಯ ಹೆಸರು, ಆಮೇಲೆ ಪೂರ್ತಿ ನಂಬರ್ ಹೊರಬಂತು. “ಎಣ್ಣೆ ಇದ್ದುದರಿಂದ ಉಳಿದ ಕಡೆಗಿಂತ ಇಲ್ಲೇ ಕಬ್ಬಿಣ ಚೆನ್ನಾಗಿದೆ,” ಎಂದ. ನನಗೆ ಹೋದ ಜೀವ ಬಂದಂತಾಯಿತು.

ಇನ್ನು ಮುಂದೆ ಕುಂಕುಮ ಮರದ ಹಿಡಿಗೆ ಮಾತ್ರ ಎಂದು ಚಿಕ್ಕಮ್ಮನಿಂದ ಮಾತು ತೆಗೆದುಕೊಂಡು ಹೊರಗೆ ಬಂದೆ. ಅವರ ಕಾರಿನ ನಂಬರ್ ಪ್ಲೇಟಿನಲ್ಲಿ ಮೂರೇ ಅಂಕಿ ಕಾಣಿಸುತ್ತಿದ್ದವು. ಉಳಿದ ಕಡೆ ಕಳೆದ ಹಬ್ಬದ ಕುಂಕುಮವಿತ್ತು.